ಡಿಗ್ರಿ ಫಿಸಿಕ್ಸ್‌ಗೆ ಬೆಂಗಳೂರಿನಲ್ಲಿ ಒಳ್ಳೆಯ ಟ್ಯೂಟರ್ ಹುಡುಕುವುದು ಹೇಗೆ: ಸಮಗ್ರ ಮಾರ್ಗದರ್ಶಿ

ಬೆಂಗಳೂರಿನಲ್ಲಿ ಪಿಯುಸಿ ಮಕ್ಕಳಿಗೆ ಟ್ಯೂಷನ್ ಹುಡುಕುವುದು ದೊಡ್ಡ ವಿಷಯವೇ ಅಲ್ಲ. ವಿಜಯನಗರ, ರಾಜಾಜಿನಗರ, ಜಯನಗರ, ಎಲ್ಲಿ ನಿಂತು ತಲೆಯೆತ್ತಿದರೂ ಸಿಇಟಿ, ನೀಟ್, ಜೆಇಇ ಬೋರ್ಡುಗಳೇ. ಅದೇ ಮಗು ಬಿಎಸ್ಸಿಗೋ ಬಿಇಗೋ ಸೇರಿದ ಮೇಲೆ ಫಿಸಿಕ್ಸ್ ತಲೆಗೆ ಹತ್ತದೆ ಕೂತಾಗ ಯಾರ ಹತ್ತಿರ ಹೋಗಬೇಕು ಅನ್ನುವುದು ಮನೆಯಲ್ಲಿ ಯಾರಿಗೂ ಗೊತ್ತಿರುವುದಿಲ್ಲ. ಡಿಗ್ರಿ ಫಿಸಿಕ್ಸ್ ಹೇಳಿಕೊಡುವವರು ಈ ಊರಲ್ಲಿ ಇದ್ದಾರೆ. ಆದರೆ ಅವರ ಮನೆ ಮುಂದೆ ಬೋರ್ಡ್ ಇರುವುದಿಲ್ಲ.

ನಾನು ಡಿಗ್ರಿ ತರಗತಿಗಳಿಗೆ ಫಿಸಿಕ್ಸ್ ಪಾಠ ಮಾಡುತ್ತಾ ಬಂದವಳು. "ಮೇಡಂ, ಯಾರಾದ್ರೂ ಒಳ್ಳೆ ಟ್ಯೂಟರ್ ಇದ್ರೆ ಹೇಳಿ" ಅಂತ ಪ್ರತಿ ಸೆಮಿಸ್ಟರ್ ಯಾರಾದರೂ ಕೇಳುತ್ತಾರೆ. ಒಂದು ಹೆಸರು, ಒಂದು ನಂಬರ್ ಕೊಟ್ಟು ಕಳಿಸಿದರೆ ಕೆಲಸ ಮುಗಿಯುವುದಿಲ್ಲ. ಒಬ್ಬರಿಗೆ ಒಗ್ಗಿದ ಮೇಷ್ಟ್ರು ಇನ್ನೊಬ್ಬರಿಗೆ ಒಗ್ಗಬೇಕೆಂದಿಲ್ಲ. ಆದರೆ ಒಂದು ಮಾತು ಎಲ್ಲರಿಗೂ ಹೊಂದುತ್ತದೆ: ಟ್ಯೂಷನ್‌ನಲ್ಲಿ ಪೆನ್ನು ಜಾಸ್ತಿ ಹೊತ್ತು ವಿದ್ಯಾರ್ಥಿಯ ಕೈಯಲ್ಲಿರಬೇಕು. ಮೇಷ್ಟ್ರು ಎಷ್ಟು ಚೆನ್ನಾಗಿ ಬಿಡಿಸಿ ತೋರಿಸಿದರೂ ಪರೀಕ್ಷೆಯಲ್ಲಿ ಕೂರುವುದು ನೀವೇ ತಾನೇ? ಮುಂದೆ ಹೇಳುವ ಹಂತಗಳೆಲ್ಲ ಈ ಮಾತಿನ ಸುತ್ತಲೇ ಇವೆ.

ಹಂತ 1: ಎಲ್ಲಿ ಸಿಕ್ಕಿಹಾಕಿಕೊಂಡಿದ್ದೀರಿ ಎಂದು ಮೊದಲು ನೋಡಿ

"ನಂಗೆ ಫಿಸಿಕ್ಸ್ ಅರ್ಥ ಆಗಲ್ಲ" ಅಂದರೆ ಯಾವ ಟ್ಯೂಟರ್‌ಗೂ ಏನೂ ತಿಳಿಯುವುದಿಲ್ಲ. ಡಿಗ್ರಿಯಲ್ಲಿ ಫಿಸಿಕ್ಸ್ ಕೈಕೊಡುವುದಕ್ಕೆ ಸಾಮಾನ್ಯವಾಗಿ ಮೂರು ಕಾರಣಗಳಿರುತ್ತವೆ. ವಿಷಯವೇ ಹಿಡಿತಕ್ಕೆ ಸಿಕ್ಕಿರುವುದಿಲ್ಲ. ಅಥವಾ ವಿಷಯ ಗೊತ್ತು, ಗಣಿತ ಅಡ್ಡ ಬರುತ್ತದೆ. ಅಥವಾ ಎರಡೂ ಬರುತ್ತೆ, ಆದರೆ ಹೊಸ ಲೆಕ್ಕ ಕೊಟ್ಟರೆ ಎಲ್ಲಿಂದ ಶುರು ಮಾಡಬೇಕು ಅಂತ ತೋಚುವುದಿಲ್ಲ. ಮೂರಕ್ಕೂ ಬೇಕಾದ ಸಹಾಯ ಬೇರೆ ಬೇರೆ.

ನಿಮ್ಮದು ಯಾವುದು ಅಂತ ತಿಳಿಯಲು ಒಂದು ಲೆಕ್ಕ ಕೊಡುತ್ತೇನೆ. ಹಾಳೆ, ಪೆನ್ನು ತೆಗೆದುಕೊಂಡು ಕೂತು ಮಾಡಿ. 0.5 ಕೆಜಿ ರಾಶಿಯ ಒಂದು ವಸ್ತುವನ್ನು ಸ್ಪ್ರಿಂಗ್‌ಗೆ ಕಟ್ಟಿದೆ. ಸ್ಪ್ರಿಂಗ್ ಸ್ಥಿರಾಂಕ ಮೀಟರಿಗೆ 20 ನ್ಯೂಟನ್. ವಸ್ತು ಆಡುವಾಗ ವೇಗಕ್ಕೆ ತಕ್ಕಷ್ಟು ಎದುರು ಬಲ ಬೀಳುತ್ತದೆ, ಆ ಡ್ಯಾಂಪಿಂಗ್ ಸ್ಥಿರಾಂಕ ಸೆಕೆಂಡಿಗೆ 0.2 ಕೆಜಿ. ಎಳೆದು ಬಿಟ್ಟರೆ ಆಂಪ್ಲಿಟ್ಯೂಡ್ (ಮಧ್ಯದಿಂದ ಆಡುವ ಗರಿಷ್ಠ ದೂರ) ಅರ್ಧಕ್ಕೆ ಇಳಿಯಲು ಎಷ್ಟು ಹೊತ್ತು? ಒಟ್ಟು ಶಕ್ತಿ ಅರ್ಧಕ್ಕೆ ಇಳಿಯಲು ಎಷ್ಟು ಹೊತ್ತು?

ಮೊದಲನೆಯದಕ್ಕೆ ಉತ್ತರ ಸುಮಾರು 3.47 ಸೆಕೆಂಡ್. ಎರಡನೆಯದಕ್ಕೆ ಅದರ ಅರ್ಧ, ಸುಮಾರು 1.73 ಸೆಕೆಂಡ್.

ಉತ್ತರ ಬಂತೋ ಇಲ್ಲವೋ ಅನ್ನುವುದಕ್ಕಿಂತ ಎಲ್ಲಿ ನಿಂತಿರಿ ಅನ್ನುವುದು ಮುಖ್ಯ. ಎದುರು ಬಲಕ್ಕೆ ಮೈನಸ್ ಚಿಹ್ನೆ ಯಾಕೆ ಬರುತ್ತದೆ, ಸಮೀಕರಣ ಬರೆಯುವುದು ಹೇಗೆ ಅನ್ನುವಲ್ಲೇ ನಿಂತಿದ್ದರೆ ಕೊರತೆ ಇರುವುದು ಫಿಸಿಕ್ಸ್‌ನಲ್ಲಿ, ಅದೂ ಪಿಯುಸಿಯ ಮೆಕ್ಯಾನಿಕ್ಸ್‌ನಲ್ಲಿ. ಸಮೀಕರಣ ಬರೆದಿರಿ, ಆದರೆ ಡಿಫರೆನ್ಷಿಯಲ್ ಈಕ್ವೇಷನ್ ಬಿಡಿಸಲು ಆಗಲಿಲ್ಲ, ಅಥವಾ ಕೊನೆಯಲ್ಲಿ ಲಾಗರಿದಮ್ ತೆಗೆಯಲು ಕೈ ನಡುಗಿತು ಅಂದರೆ ನಿಮಗೆ ಬೇಕಿರುವುದು ಗಣಿತದ ಸಹಾಯ. ಫಾರ್ಮುಲಾ ಬಾಯಿಗೆ ಬಂತು, ಮೊದಲ ಉತ್ತರವೂ ಬಂತು, ಆದರೆ ಶಕ್ತಿಗೂ 3.47 ಅಂತಲೇ ಬರೆದಿರಾ? ಹಾಗಾದರೆ ಫಾರ್ಮುಲಾ ನೆನಪಿದೆ, ಅದರ ಅರ್ಥ ಇನ್ನೂ ನಿಮ್ಮದಾಗಿಲ್ಲ, ಹೊಸ ಲೆಕ್ಕ ಕೊಟ್ಟಾಗ ಶುರು ತೋಚದಿರುವುದೂ ಇದರಿಂದಲೇ. ಶಕ್ತಿ ಆಂಪ್ಲಿಟ್ಯೂಡಿನ ವರ್ಗಕ್ಕೆ ತಕ್ಕಂತೆ ಇರುತ್ತದೆ, ಹಾಗಾಗಿ ಅದು ಎರಡು ಪಟ್ಟು ಬೇಗ ಕರಗುತ್ತದೆ. ಡಿಗ್ರಿಯಲ್ಲಿ ನಾನು ಅತಿ ಹೆಚ್ಚು ನೋಡಿದ್ದು ಈ ಮೂರನೇ ತೊಂದರೆಯನ್ನೇ. ಇಂಥವರಿಗೆ ಥಿಯರಿಯನ್ನು ಮತ್ತೆ ಮೊದಲಿನಿಂದ ಪಾಠ ಮಾಡುವ ಟ್ಯೂಟರ್ ಬೇಡ. ಪಕ್ಕದಲ್ಲಿ ಕೂತು ಲೆಕ್ಕ ಮಾಡಿಸುವವರು ಬೇಕು.

ಇನ್ನೊಂದು ಸಣ್ಣ ಕೆಲಸ ಮಾಡಿ. ಹೋದ ಇಂಟರ್ನಲ್ಸ್ ಉತ್ತರ ಪತ್ರಿಕೆ ತೆಗೆದು, ಅಂಕ ಹೋದ ಪ್ರತಿ ಜಾಗದ ಪಕ್ಕ "ವಿಷಯ", "ಗಣಿತ", "ಶುರು ಗೊತ್ತಾಗಲಿಲ್ಲ", "ಓದಿರಲಿಲ್ಲ" ಅಂತ ಪೆನ್ಸಿಲ್‌ನಲ್ಲಿ ಬರೆಯಿರಿ. "ಓದಿರಲಿಲ್ಲ" ಅನ್ನುವುದೇ ಜಾಸ್ತಿ ಇದ್ದರೆ ಟ್ಯೂಷನ್‌ಗೆ ಈಗಲೇ ದುಡ್ಡು ಹಾಕಬೇಡಿ. ಎರಡು ವಾರ ಕೂತು ಓದಿ, ಆಮೇಲೆ ನೋಡೋಣ.

ಹಂತ 2: ನಿಮ್ಮ ಸಿಲಬಸ್ ಯಾವುದು, ಗುರಿ ಯಾವುದು

ಫಿಸಿಕ್ಸ್ ಎಲ್ಲಾ ಕಡೆ ಒಂದೇ, ಆದರೆ ಪರೀಕ್ಷೆ ಒಂದೇ ಅಲ್ಲ. ಬಿಇ ಮೊದಲ ವರ್ಷದವರಿಗೆ ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) 2022ರ ಸ್ಕೀಮ್‌ನಿಂದ, ಅಂದರೆ ಪಠ್ಯಕ್ರಮದಿಂದ, ಬ್ರಾಂಚಿಗೆ ತಕ್ಕಂತೆ ಫಿಸಿಕ್ಸ್ ಬೇರೆ ಮಾಡಿತು. ಕಂಪ್ಯೂಟರ್ ಸೈನ್ಸ್ ಕಡೆಯವರಿಗೆ ಲೇಸರ್, ಆಪ್ಟಿಕಲ್ ಫೈಬರ್, ಕ್ವಾಂಟಂ ಮೆಕ್ಯಾನಿಕ್ಸ್ ಜೊತೆ ಕ್ವಾಂಟಂ ಕಂಪ್ಯೂಟಿಂಗ್ ಕೂಡ ಬಂತು. ಸಿವಿಲ್ ಅಥವಾ ಮೆಕ್ಯಾನಿಕಲ್ ಓದುತ್ತಿರುವ ಗೆಳೆಯನಿಗೆ ಅದ್ಭುತವಾಗಿ ಹೇಳಿಕೊಟ್ಟ ಟ್ಯೂಟರ್ ಕ್ವಾಂಟಂ ಗೇಟ್‌ಗಳನ್ನು ಎಂದೂ ಕಲಿಸಿಲ್ಲದೆ ಇರಬಹುದು. ಸ್ವಾಯತ್ತ ಕಾಲೇಜುಗಳು ತಮ್ಮ ಸಿಲಬಸ್ ತಾವೇ ಮಾಡಿಕೊಳ್ಳುತ್ತವೆ.

ಬಿಎಸ್ಸಿಯವರ ಕಥೆ ಇನ್ನೊಂದು. ಕರ್ನಾಟಕದಲ್ಲಿ 2021-22ರಲ್ಲಿ ಹೊಸ ಶಿಕ್ಷಣ ನೀತಿಯ ಪಠ್ಯಕ್ರಮ ಬಂತು, 2024-25ರಿಂದ ಮತ್ತೆ ಮೂರು ವರ್ಷದ ಪದವಿಗೆ ಮರಳಿದೆವು. ಹೀಗಾಗಿ ಸೀನಿಯರ್ ಕೊಟ್ಟ ನೋಟ್ಸ್, ಹಳೇ ಪ್ರಶ್ನೆ ಪತ್ರಿಕೆಗಳ ಕಟ್ಟು ನಿಮ್ಮ ಸೆಮಿಸ್ಟರ್‌ಗೆ ಹೊಂದದೆ ಹೋಗಬಹುದು. ಬೆಂಗಳೂರು ವಿಶ್ವವಿದ್ಯಾಲಯ, ಬೆಂಗಳೂರು ನಗರ ವಿಶ್ವವಿದ್ಯಾಲಯ, ಬೆಂಗಳೂರು ಉತ್ತರ ವಿಶ್ವವಿದ್ಯಾಲಯ, ನಿಮ್ಮ ಕಾಲೇಜು ಯಾವುದರ ಕೆಳಗೆ ಬರುತ್ತದೋ ಅದರ ವೆಬ್‌ಸೈಟ್‌ನಿಂದ ಈ ವರ್ಷದ ಸಿಲಬಸ್ ಇಳಿಸಿಕೊಂಡು ಫೋನ್‌ನಲ್ಲಿ ಇಟ್ಟುಕೊಳ್ಳಿ. ಟ್ಯೂಟರ್ ಜೊತೆ ಮೊದಲ ಮಾತುಕತೆಯಲ್ಲೇ ಅದು ಬೇಕಾಗುತ್ತದೆ.

ಇನ್ನು ಗುರಿ. ಬ್ಯಾಕ್ ಉಳಿದಿರುವ ಒಂದು ಪೇಪರ್ ಪಾಸಾಗಬೇಕಾ, ಒಳ್ಳೆಯ ಸಿಜಿಪಿಎ ಬೇಕಾ, ಅಥವಾ ಎಂಎಸ್ಸಿಗೆ ಐಐಟಿ ಜಾಮ್ ಅನ್ನುವ ಪ್ರವೇಶ ಪರೀಕ್ಷೆ ಬರೆಯಬೇಕಾ? ಜಾಮ್ ಮೂರು ಗಂಟೆಯ ಪರೀಕ್ಷೆ, 60 ಪ್ರಶ್ನೆ, 100 ಅಂಕ. ಒಂದಕ್ಕಿಂತ ಹೆಚ್ಚು ಸರಿ ಉತ್ತರ ಇರುವ ಪ್ರಶ್ನೆಗಳೂ ಇರುತ್ತವೆ, ಆಯ್ಕೆಯೇ ಇಲ್ಲದೆ ಸಂಖ್ಯೆ ಬರೆಯಬೇಕಾದವೂ ಇರುತ್ತವೆ. ಸೆಮಿಸ್ಟರ್ ಪರೀಕ್ಷೆಗೆ ತಯಾರು ಮಾಡುವ ಮೇಷ್ಟ್ರಿಗೆ ಇದರ ರೂಢಿ ಇರಲೇಬೇಕೆಂದಿಲ್ಲ. ಎರಡು ಗುರಿ ಇದ್ದರೆ ಎರಡನ್ನೂ ಬಿಡಿಸಿ ಹೇಳಿ.

ಹಂತ 3: ಹೊರಗೆ ಹುಡುಕುವ ಮುಂಚೆ ಕಾಲೇಜಿನಲ್ಲೇ ಕೇಳಿ

ಇದನ್ನು ಹೆಚ್ಚಿನವರು ಬಿಟ್ಟುಬಿಡುತ್ತಾರೆ. ಸಂಕೋಚ. "ಸರ್ ಏನಂದ್ಕೋತಾರೋ" ಅನ್ನುವ ಭಯ. ನಿಜ ಹೇಳುತ್ತೇನೆ, ಒಂದು ಲೆಕ್ಕವನ್ನು ಅರ್ಧ ಮಾಡಿಕೊಂಡು ಸ್ಟಾಫ್ ರೂಮಿಗೆ ಬರುವ ವಿದ್ಯಾರ್ಥಿಯನ್ನು ಕಂಡರೆ ನಮಗೆ ಖುಷಿಯಾಗುತ್ತದೆ. "ಏನೂ ಅರ್ಥ ಆಗ್ಲಿಲ್ಲ ಸರ್" ಅಂತ ಬರಿಗೈಯಲ್ಲಿ ಬಂದರೆ ಹದಿನೈದು ನಿಮಿಷದಲ್ಲಿ ಏನು ತಾನೇ ಹೇಳಲು ಸಾಧ್ಯ? ಹಾಳೆಯಲ್ಲಿ ಇಲ್ಲಿಯವರೆಗೆ ಬಂದೆ, ಇಲ್ಲಿ ನಿಂತೆ ಅಂತ ತೋರಿಸಿದರೆ ಐದು ನಿಮಿಷ ಸಾಕು. ಮಧ್ಯಾಹ್ನ ಊಟದ ನಂತರ ಅಥವಾ ಲ್ಯಾಬ್ ಮುಗಿದ ಮೇಲೆ ಹೋಗಿ. ಬಂಕ್ ಮಾಡಿದ ಕ್ಲಾಸಿನ ಪಾಠವನ್ನು ಮತ್ತೆ ಕೇಳಬೇಡಿ.

ನಿಮಗೆ ಇಂಟರ್ನಲ್ಸ್ ಅಂಕ ಕೊಡುವ ಲೆಕ್ಚರರ್ ಹತ್ತಿರ ದುಡ್ಡು ಕೊಟ್ಟು ಟ್ಯೂಷನ್ ತೆಗೆದುಕೊಳ್ಳುವುದು ಬೇಡ. ಕೆಲಸಕ್ಕೆ ಅಡ್ಡಿಯಾಗುವಂಥ ಖಾಸಗಿ ಟ್ಯೂಷನ್ ಹಿಡಿಯಬಾರದು ಎಂದು ಅಧ್ಯಾಪಕರಿಗೆ ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗದ) ವೃತ್ತಿ ನೀತಿಯೇ ಹೇಳುತ್ತದೆ. ನೀವು ಕೇಳಿದರೆ ಅವರಿಗೂ ಮುಜುಗರ, ನಾಳೆ ನಿಮ್ಮ ಅಂಕದ ಬಗ್ಗೆ ಬೇರೆಯವರಿಗೂ ಅನುಮಾನ. ಅದರ ಬದಲು "ಸರ್, ನಿಮಗೆ ಗೊತ್ತಿರೋ ನಿವೃತ್ತ ಮೇಷ್ಟ್ರು ಯಾರಾದ್ರೂ ಇದಾರಾ?" ಅಂತ ಕೇಳಿ. ಈ ಒಂದು ಪ್ರಶ್ನೆಯಿಂದ ಸಿಗುವ ಹೆಸರುಗಳು ಯಾವ ಆ್ಯಪ್‌ನಲ್ಲೂ ಸಿಗುವುದಿಲ್ಲ. ಲ್ಯಾಬ್ ಅಟೆಂಡರ್‌ಗಳನ್ನೂ ಕೇಳಿ. ಇಪ್ಪತ್ತು, ಮೂವತ್ತು ವರ್ಷ ಅದೇ ಡಿಪಾರ್ಟ್‌ಮೆಂಟ್‌ನಲ್ಲಿ ಇದ್ದವರಿಗೆ ಯಾರು ತಾಳ್ಮೆಯಿಂದ ಹೇಳಿಕೊಡುತ್ತಿದ್ದರು, ಈಗ ಎಲ್ಲಿದ್ದಾರೆ ಎಲ್ಲಾ ಗೊತ್ತಿರುತ್ತದೆ.

ಹಂತ 4: ಎಲ್ಲಿ, ಯಾರನ್ನು ಹುಡುಕುವುದು

ನನ್ನ ಮೊದಲ ಆಯ್ಕೆ ನಿವೃತ್ತ ಲೆಕ್ಚರರ್‌ಗಳು. ಬಸವನಗುಡಿ, ಜಯನಗರ, ಮಲ್ಲೇಶ್ವರ, ರಾಜಾಜಿನಗರದಂಥ ಹಳೇ ಬಡಾವಣೆಗಳಲ್ಲಿ ಇಂಥವರು ಇದ್ದಾರೆ. ಮಕ್ಕಳು ಎಲ್ಲಿ ಎಡವುತ್ತಾರೆ ಅನ್ನುವುದು ಅವರಿಗೆ ಅನುಭವದಿಂದ ಗೊತ್ತು. ಅವರನ್ನು ಕಾಣಲು ಒಂದು ಒಳ್ಳೆಯ ಜಾಗ ಬಸವನಗುಡಿಯ ನ್ಯಾಷನಲ್ ಕಾಲೇಜು. ಫಿಸಿಕ್ಸ್ ಮೇಷ್ಟ್ರೇ ಆಗಿದ್ದ ಎಚ್. ನರಸಿಂಹಯ್ಯನವರು 1962ರಲ್ಲಿ ಕಟ್ಟಿದ ಬೆಂಗಳೂರು ಸೈನ್ಸ್ ಫೋರಂ ಅಲ್ಲಿ ಬುಧವಾರದ ಸಂಜೆಗಳಲ್ಲಿ ವಿಜ್ಞಾನ ಉಪನ್ಯಾಸ ನಡೆಸುತ್ತಾ ಬಂದಿದೆ. ಪ್ರವೇಶಕ್ಕೆ ದುಡ್ಡಿಲ್ಲ. ಹೋಗಿ ಉಪನ್ಯಾಸ ಕೇಳಿ, ಮುಗಿದ ಮೇಲೆ ಅಕ್ಕಪಕ್ಕದವರನ್ನು ಮಾತಾಡಿಸಿ. ಹಸಿರು ಲೈನ್ ಮೆಟ್ರೋದಲ್ಲಿ ನ್ಯಾಷನಲ್ ಕಾಲೇಜು ಅಂತಲೇ ನಿಲ್ದಾಣ ಇದೆ.

ಎರಡನೆಯವರು ಎಂಎಸ್ಸಿ ವಿದ್ಯಾರ್ಥಿಗಳು. ಬೆಂಗಳೂರು ವಿಶ್ವವಿದ್ಯಾಲಯದ ಜ್ಞಾನಭಾರತಿ ಕ್ಯಾಂಪಸ್ಸಿನಲ್ಲಿ ಫಿಸಿಕ್ಸ್ ಎಂಎಸ್ಸಿ ಮಾಡುತ್ತಿರುವವರಲ್ಲಿ ಎಷ್ಟೋ ಜನ ಇಲ್ಲಿನ ಕಾಲೇಜುಗಳಲ್ಲೇ ಬಿಎಸ್ಸಿ ಮುಗಿಸಿ ಬಂದವರು. ಹಾಸ್ಟೆಲ್ ಖರ್ಚಿಗೆ ಅವರಿಗೂ ಅನುಕೂಲ, ಫೀಸೂ ಕಡಿಮೆ. ಅಕ್ಕ, ಅಣ್ಣ ಅಂತ ಸಲೀಸಾಗಿ ಎಷ್ಟು ಸಣ್ಣ ಪ್ರಶ್ನೆ ಬೇಕಾದರೂ ಕೇಳಬಹುದು. ಕನ್ನಡ ಮಾಧ್ಯಮದಲ್ಲಿ ಓದಿ ಬಂದವರಿಗೆ ಇದು ದೊಡ್ಡ ಸಮಾಧಾನ. ಅವರೂ ಆ ದಾರಿಯಲ್ಲೇ ನಡೆದು ಬಂದಿದ್ದರೆ ಕನ್ನಡದಲ್ಲಿ ವಿವರಿಸಿ, ಪರೀಕ್ಷೆಗೆ ಇಂಗ್ಲಿಷಿನಲ್ಲಿ ಬರೆಯುವುದನ್ನೂ ರೂಢಿ ಮಾಡಿಸುತ್ತಾರೆ. ತೊಂದರೆ ಅಂದರೆ ಅವರ ಪರೀಕ್ಷೆಯೂ ನಿಮ್ಮ ಪರೀಕ್ಷೆಯೂ ಒಟ್ಟಿಗೆ ಬಂದು, ಬೇಕಾದ ಹೊತ್ತಿಗೆ ಅವರಿಗೆ ಬಿಡುವಿಲ್ಲದೆ ಹೋಗುವುದು. ಮೊದಲೇ ದಿನಾಂಕ ಕೇಳಿಕೊಳ್ಳಿ.

ಭಾರತೀಯ ವಿಜ್ಞಾನ ಸಂಸ್ಥೆ, ರಾಮನ್ ಸಂಶೋಧನಾ ಸಂಸ್ಥೆ, ಕೋರಮಂಗಲದ ಖಭೌತ ಸಂಸ್ಥೆ, ಇಷ್ಟೆಲ್ಲಾ ಒಂದೇ ಊರಲ್ಲಿರುವುದು ನಮ್ಮ ಭಾಗ್ಯ. ಅಲ್ಲಿನ ಪಿಎಚ್‌ಡಿ ವಿದ್ಯಾರ್ಥಿಗಳ ಹತ್ತಿರ ಕಲಿಯಬೇಕು ಅನ್ನುವ ಆಸೆ ಸಹಜ. ಆದರೆ ಫೆಲೋಶಿಪ್ ತೆಗೆದುಕೊಳ್ಳುವವರಿಗೆ ಬೇರೆ ಸಂಪಾದನೆಯ ಕೆಲಸ ಹಿಡಿಯಲು ನಿಯಮ ಅಡ್ಡ ಬರಬಹುದು, ಒತ್ತಾಯ ಮಾಡಬೇಡಿ. ಇನ್ನೊಂದು ಮಾತು: ಸಂಶೋಧನೆಯಲ್ಲಿ ಚುರುಕಾಗಿರುವವರೆಲ್ಲ ಎರಡನೇ ಸೆಮಿಸ್ಟರ್ ವಿದ್ಯಾರ್ಥಿಯ ಮಟ್ಟಕ್ಕೆ ಇಳಿದು ಹೇಳುತ್ತಾರೆ ಅಂತೇನಿಲ್ಲ. ಸಂಸ್ಥೆಯ ಹೆಸರಿಗೆ ಮರುಳಾಗದೆ ಡೆಮೊ ಕ್ಲಾಸ್ ನೋಡಿಯೇ ತೀರ್ಮಾನ ಮಾಡಿ.

ಬಿಎಸ್ಸಿಯಲ್ಲಿದ್ದು ಫಿಸಿಕ್ಸ್ ಮೇಲೆ ನಿಜವಾದ ಪ್ರೀತಿ ಇರುವವರು ಟಿ. ಚೌಡಯ್ಯ ರಸ್ತೆಯ ಜವಾಹರಲಾಲ್ ನೆಹರು ತಾರಾಲಯಕ್ಕೆ ಒಮ್ಮೆ ಹೋಗಿ ಬನ್ನಿ. ಅಲ್ಲಿ ರೀಪ್ ಅನ್ನುವ ಹೆಸರಲ್ಲಿ ಪದವಿ ವಿದ್ಯಾರ್ಥಿಗಳಿಗೆ ಕಾಲೇಜು ಸಮಯದ ಹೊರಗೆ ಫಿಸಿಕ್ಸ್ ತರಗತಿಗಳು ನಡೆಯುತ್ತಾ ಬಂದಿವೆ. ಇದು ಪಾಸಾಗುವ ಟ್ಯೂಷನ್ ಅಲ್ಲ. ಮುಂದೆ ಸಂಶೋಧನೆಗೆ ಹೋಗಬೇಕು ಅನ್ನುವವರಿಗೆ ಯಾವ ಖಾಸಗಿ ಟ್ಯೂಷನ್‌ಗಿಂತಲೂ ಒಳ್ಳೆಯದು.

ಇನ್ನು ಅರ್ಬನ್‌ಪ್ರೊ, ಸೂಪರ್‌ಪ್ರೊಫ್ ತರಹದ ವೆಬ್‌ಸೈಟ್‌ಗಳು. ಹೆಸರುಗಳು ಬೇಕಾದಷ್ಟು ಸಿಗುತ್ತವೆ, ಸೋಸುವ ಕೆಲಸ ನಿಮ್ಮದು. "ಎಲ್‌ಕೆಜಿಯಿಂದ ಎಂಎಸ್ಸಿವರೆಗೆ ಎಲ್ಲಾ ವಿಷಯ" ಅಂತ ಬರೆದುಕೊಂಡವರನ್ನು ಪಕ್ಕಕ್ಕಿಡಿ. ರಿವ್ಯೂಗಳಲ್ಲಿ ಡಿಗ್ರಿ ವಿದ್ಯಾರ್ಥಿಗಳು ಬರೆದದ್ದನ್ನು ಮಾತ್ರ ಓದಿ. ಜೆಇಇ ಮಕ್ಕಳಿಗೆ ಚೆನ್ನಾಗಿ ಕಲಿಸುವವರು ಡಿಗ್ರಿಯ ಎಲೆಕ್ಟ್ರೋಡೈನಮಿಕ್ಸ್ ಮುಟ್ಟಿ ಎಷ್ಟೋ ವರ್ಷ ಆಗಿರಬಹುದು. ನಿಮ್ಮ ಕಾಲೇಜಿನ ಹತ್ತಿರದ ಜೆರಾಕ್ಸ್ ಅಂಗಡಿಯ ಗೋಡೆಯನ್ನೂ ನೋಡಿ. ಅಲ್ಲಿ ಅಂಟಿಸಿದ ಚೀಟಿಗಳು ಆ ಕಾಲೇಜಿನ ಸಿಲಬಸ್ ಗೊತ್ತಿರುವವರದ್ದೇ ಆಗಿರುವ ಸಾಧ್ಯತೆ ಜಾಸ್ತಿ.

ಹಂತ 5: ಮೊದಲ ಮೆಸೇಜ್

ಮೂರ್ನಾಲ್ಕು ಹೆಸರು ಸಿಕ್ಕ ಮೇಲೆ "ಸರ್, ಟ್ಯೂಷನ್ ಫೀಸ್ ಎಷ್ಟು?" ಅಂತ ಒಂದು ಸಾಲು ಕಳಿಸಬೇಡಿ. ಹೀಗೆ ಬರೆಯಿರಿ:

"ನಮಸ್ಕಾರ ಸರ್. ನಾನು ಬೆಂಗಳೂರು ನಗರ ವಿಶ್ವವಿದ್ಯಾಲಯದ ಕೆಳಗಿನ ಕಾಲೇಜಿನಲ್ಲಿ ಬಿಎಸ್ಸಿ ಮೂರನೇ ಸೆಮಿಸ್ಟರ್ ಓದುತ್ತಿದ್ದೇನೆ. ಥಿಯರಿ ಓದಿದರೆ ಅರ್ಥವಾಗುತ್ತದೆ, ಲೆಕ್ಕ ಮಾಡಲು ಹೋದರೆ ಶುರು ಗೊತ್ತಾಗುವುದಿಲ್ಲ. ಎಲೆಕ್ಟ್ರಿಸಿಟಿ ಯೂನಿಟ್‌ನಲ್ಲಿ ಈ ತೊಂದರೆ ಜಾಸ್ತಿ. ಸಿಲಬಸ್ ಮತ್ತು ನಾನು ನಿಂತುಹೋದ ಎರಡು ಲೆಕ್ಕಗಳ ಫೋಟೋ ಕಳಿಸಿದ್ದೇನೆ. ವಾರಕ್ಕೆ ಎರಡು ಗಂಟೆ, ಶನಿವಾರ ಅಥವಾ ಭಾನುವಾರ ಬರಬಲ್ಲೆ. ನೀವು ಈ ಪೇಪರ್ ಕಲಿಸುತ್ತೀರಾ? ಒಂದು ಡೆಮೊ ಕ್ಲಾಸ್ ತೆಗೆದುಕೊಳ್ಳಬಹುದಾ?"

ಉತ್ತರ ಬರುವ ರೀತಿಯಲ್ಲೇ ಅರ್ಧ ತಿಳಿಯುತ್ತದೆ. ಫೋಟೋ ನೋಡಿ "ಎರಡನೇ ಸ್ಟೆಪ್ಪಲ್ಲಿ ಯಾಕೆ ಹೀಗೆ ಮಾಡಿದೆ?" ಅಂತ ಕೇಳಿದವರನ್ನು ಬಿಡಬೇಡಿ. ಏನೂ ನೋಡದೆ "ಗ್ಯಾರಂಟಿ ಪಾಸ್, ಇವತ್ತೇ ಸೇರ್ಕೊಳಿ" ಅಂದವರಿಗೆ ಥ್ಯಾಂಕ್ಸ್ ಹೇಳಿ ಮುಂದೆ ಹೋಗಿ.

ತಂದೆತಾಯಿಯರಿಗೊಂದು ಮಾತು. ಈ ಮೆಸೇಜನ್ನು ಮಗ ಅಥವಾ ಮಗಳ ಕೈಯಲ್ಲೇ ಬರೆಸಿ. ಡಿಗ್ರಿಗೆ ಬಂದ ಮೇಲೆ ತನ್ನ ತೊಂದರೆ ಏನು ಅಂತ ಹೇಳಿಕೊಳ್ಳುವುದೂ ಓದಿನ ಭಾಗವೇ.

ಹಂತ 6: ಡೆಮೊ ಕ್ಲಾಸಿನಲ್ಲಿ ಏನು ನೋಡಬೇಕು

ಡೆಮೊಗೆ ನೀವು ಕೇಳಿದ ಪಾಠವೇ ಇರಲಿ, ಅವರಿಗೆ ಇಷ್ಟವಾದ ಪಾಠ ಬೇಡ. ಪ್ರತಿಯೊಬ್ಬ ಮೇಷ್ಟ್ರಿಗೂ ಕಣ್ಣುಮುಚ್ಚಿ ಮಾಡಬಲ್ಲ ಒಂದೆರಡು ಪಾಠ ಇರುತ್ತವೆ, ಅದನ್ನು ನೋಡಿ ಏನೂ ಗೊತ್ತಾಗುವುದಿಲ್ಲ. ನೀವು ಸಿಕ್ಕಿಹಾಕಿಕೊಂಡ ಒಂದು ಲೆಕ್ಕ, ಜೊತೆಗೆ ಸರಿ ಉತ್ತರ ನಿಮಗೆ ಆಗಲೇ ಗೊತ್ತಿರುವ ಇನ್ನೊಂದು ಲೆಕ್ಕ ತೆಗೆದುಕೊಂಡು ಹೋಗಿ.

ಒಂದು ಉದಾಹರಣೆ ನೋಡೋಣ. ಹತ್ತು ಸೆಂಟಿಮೀಟರ್ ಉದ್ದದ ತಂತಿಯಲ್ಲಿ ಸಮನಾಗಿ ಚಾರ್ಜ್ ಇದೆ, ಅದರ ಮಧ್ಯದಿಂದ ನೇರ ಐದು ಸೆಂಟಿಮೀಟರ್ ದೂರದಲ್ಲಿ ವಿದ್ಯುತ್ ಕ್ಷೇತ್ರ ಎಷ್ಟು ಅನ್ನುವುದು ಲೆಕ್ಕ. ವಿದ್ಯಾರ್ಥಿ ಗಾಸ್ ನಿಯಮ ಹಾಕಿ, ತಂತಿಯ ಸುತ್ತ ಸಿಲಿಂಡರ್ ಬರೆದು, ಅನಂತ ಉದ್ದದ ತಂತಿಯ ಉತ್ತರ ಬರೆದಿದ್ದಾನೆ. ತುಂಬಾ ಜನ ಮಾಡುವ ತಪ್ಪು ಇದು.

ಒಬ್ಬ ಟ್ಯೂಟರ್ "ಇದು ತಪ್ಪು, ಇಲ್ಲಿ ಗಾಸ್ ಬರಲ್ಲ, ಇಂಟಿಗ್ರೇಟ್ ಮಾಡ್ಬೇಕು" ಅಂದು ತಾವೇ ಎರಡು ನಿಮಿಷದಲ್ಲಿ ಬಿಡಿಸಿಬಿಡುತ್ತಾರೆ. ವಿದ್ಯಾರ್ಥಿ ಕಾಪಿ ಮಾಡಿಕೊಳ್ಳುತ್ತಾನೆ. ಅವನಿಗೆ ಆ ಕ್ಷಣ ಎಲ್ಲಾ ಅರ್ಥವಾಯಿತು ಅನ್ನಿಸುತ್ತದೆ.

ಇನ್ನೊಬ್ಬರು ಹೀಗೆ ಕೇಳುತ್ತಾರೆ. "ಈ ಸಿಲಿಂಡರಿನ ಮೈಮೇಲೆ ಮಧ್ಯದಲ್ಲಿ ಒಂದು ಚುಕ್ಕೆ ಇಡು. ಅಂಚಿನ ಹತ್ರ ಇನ್ನೊಂದು ಇಡು. ಎರಡೂ ಕಡೆ ಕ್ಷೇತ್ರ ಒಂದೇ ಇರುತ್ತಾ?" ವಿದ್ಯಾರ್ಥಿ ಯೋಚಿಸುತ್ತಾನೆ. "ಇಲ್ಲ ಸರ್, ಅಂಚಲ್ಲಿ ಕಡಿಮೆ ಇರಬೇಕು." "ದಿಕ್ಕು?" "ಅದೂ ಸ್ವಲ್ಪ ಓರೆ ಆಗುತ್ತೆ." "ಹಾಗಾದ್ರೆ ನೀನು ಕ್ಷೇತ್ರವನ್ನ ಇಂಟಿಗ್ರಲ್‌ನಿಂದ ಹೊರಗೆ ತೆಗೆದಿದ್ದೀಯಲ್ಲ, ಅದು ಸರೀನಾ?" ಅಲ್ಲಿ ಅವನಿಗೆ ಹೊಳೆಯುತ್ತದೆ. ಗಾಸ್ ನಿಯಮ ಇಲ್ಲೂ ನಿಜವೇ, ಆದರೆ ಸಮ್ಮಿತಿ (ಸಿಮ್ಮೆಟ್ರಿ) ಇಲ್ಲದೆ ಅದರಿಂದ ಕ್ಷೇತ್ರವನ್ನು ಲೆಕ್ಕ ಹಾಕಿ ತೆಗೆಯಲು ಆಗುವುದಿಲ್ಲ. ಆಮೇಲೆ ಇಂಟಿಗ್ರೇಷನ್ ಅನ್ನು ಅವನ ಕೈಯಲ್ಲೇ ಮಾಡಿಸುತ್ತಾರೆ. ಇಪ್ಪತ್ತೈದು ನಿಮಿಷ ಹಿಡಿಯಬಹುದು. ಆದರೆ ಮುಂದೆ ಡಿಸ್ಕ್, ರಿಂಗ್, ಯಾವ ಆಕಾರ ಬಂದರೂ ಅವನು ಮೊದಲು ಸಮ್ಮಿತಿ ಇದೆಯಾ ಅಂತ ನೋಡುತ್ತಾನೆ.

ಈ ಎರಡನೆಯವರನ್ನು ಹಿಡಿಯಿರಿ. ಅವರ ಕ್ಲಾಸ್ ನಿಧಾನ ಅನ್ನಿಸುತ್ತದೆ, ಮೊದಲ ಸಲ ಸ್ವಲ್ಪ ಕಿರಿಕಿರಿಯೂ ಆಗಬಹುದು. ಪರವಾಗಿಲ್ಲ.

ಮನೆಗೆ ಬಂದು ನಿಮ್ಮ ನೋಟ್‌ಬುಕ್ ತೆರೆಯಿರಿ. ಡೆಮೊದಲ್ಲಿ ನೀವು ಯೋಚಿಸಿ ಬರೆದ ಸಾಲುಗಳು ಎಷ್ಟು, ನೋಡಿ ಬರೆದುಕೊಂಡದ್ದು ಎಷ್ಟು? ಮಾರನೇ ದಿನ ಬೆಳಿಗ್ಗೆ ಅದೇ ಲೆಕ್ಕವನ್ನು ಖಾಲಿ ಹಾಳೆಯಲ್ಲಿ ಮಾಡಿ. ಬಂದರೆ ಕ್ಲಾಸ್ ಕೆಲಸ ಮಾಡಿದೆ.

ಟ್ಯೂಟರ್‌ಗೆ ವಿಷಯ ಗೊತ್ತಿದೆಯಾ ಅಂತ ನೀವು ತಿಳಿಯುವುದು ಹೇಗೆ? ಉತ್ತರ ಗೊತ್ತಿರುವ ಆ ಇನ್ನೊಂದು ಲೆಕ್ಕ ಇದಕ್ಕೇ. ಜೊತೆಗೆ ಒಂದು "ಯಾಕೆ" ಪ್ರಶ್ನೆ ಕೇಳಿ. ಪೆಟ್ಟಿಗೆಯೊಳಗಿನ ಎಲೆಕ್ಟ್ರಾನಿನ ಅತಿ ಕಡಿಮೆ ಶಕ್ತಿ ಯಾಕೆ ಸೊನ್ನೆ ಆಗುವುದಿಲ್ಲ? ಚಿಕ್ಕ ಜಾಗದಲ್ಲಿ ಕಟ್ಟಿಹಾಕಿದರೆ ಸಂವೇಗ ನಿಖರವಾಗಿ ಸೊನ್ನೆ ಇರಲು ಸಾಧ್ಯವಿಲ್ಲ ಅಂತಲೋ, ಸೊನ್ನೆ ಶಕ್ತಿ ಅಂದರೆ ಅಲೆಯೇ ಇಲ್ಲ, ಅಂದರೆ ಎಲೆಕ್ಟ್ರಾನೇ ಇಲ್ಲ ಅಂದಹಾಗಾಯ್ತು ಅಂತಲೋ ವಿವರಿಸಿದರೆ ಒಳ್ಳೆಯದು. "ಅದು ಫಾರ್ಮುಲಾ, ಪರೀಕ್ಷೆಗೆ ಅಷ್ಟು ಸಾಕು" ಅಂದರೆ ಯೋಚನೆ ಮಾಡಿ. "ಇದು ನಂಗೂ ಸ್ಪಷ್ಟ ಇಲ್ಲ, ಮುಂದಿನ ವಾರ ನೋಡ್ಕೊಂಡು ಬಂದು ಹೇಳ್ತೀನಿ" ಅಂದು ನಿಜವಾಗಿ ಹೇಳಿದವರನ್ನು ಕೂಡ ನಾನು ಧೈರ್ಯವಾಗಿ ಸೂಚಿಸುತ್ತೇನೆ.

ಹಂತ 7: ಫೀಸು, ಜಾಗ, ಸಮಯ

ಫೀಸನ್ನು ಗಂಟೆಗೋ, ತಿಂಗಳಿಗೋ, ಯೂನಿಟ್‌ಗೋ ಹೇಳುತ್ತಾರೆ. ಹೋಲಿಸುವಾಗ ಎಲ್ಲವನ್ನೂ ಗಂಟೆಯ ಲೆಕ್ಕಕ್ಕೆ ತನ್ನಿ. ಉದಾಹರಣೆಗೆ, ಗಂಟೆಗೆ 600 ರೂಪಾಯಿ, ವಾರಕ್ಕೆ ಎರಡು ಗಂಟೆ ಅಂದರೆ ನಾಲ್ಕು ವಾರಕ್ಕೆ 4,800. ಮೂರು ಜನ ಸಹಪಾಠಿಗಳು ಸೇರಿಕೊಂಡರೆ, ಟ್ಯೂಟರ್ ಗಂಟೆಗೆ 900 ಕೇಳಿದರೂ ತಲಾ 300 ಬೀಳುತ್ತದೆ, ತಿಂಗಳಿಗೆ 2,400. ಡಿಗ್ರಿ ಫಿಸಿಕ್ಸ್‌ಗೆ ಮೂರು ಜನರ ಗುಂಪು ನನಗೆ ತುಂಬಾ ಇಷ್ಟ. ಒಬ್ಬರಿಗೆ ತೋಚದ್ದು ಇನ್ನೊಬ್ಬರಿಗೆ ತೋಚುತ್ತದೆ, ಮೇಷ್ಟ್ರು ಎಲ್ಲರ ಹಾಳೆಯನ್ನೂ ನೋಡಬಹುದು. ಆರು ಜನ ದಾಟಿದರೆ ಅದು ಮತ್ತೆ ಕಾಲೇಜು ಕ್ಲಾಸೇ ಆಗುತ್ತದೆ.

ಇಡೀ ಸೆಮಿಸ್ಟರಿನ ದುಡ್ಡನ್ನು ಮುಂಗಡ ಕೊಡಬೇಡಿ. ತಿಂಗಳು ತಿಂಗಳು ಕೊಡಿ. ಕ್ಲಾಸ್ ತಪ್ಪಿದರೆ ಏನು, ರಜೆಯಲ್ಲಿ ಏನು ಅಂತ ಮೊದಲೇ ಮಾತಾಡಿ, ವಾಟ್ಸ್‌ಆ್ಯಪ್‌ನಲ್ಲಿ ಬರೆದು ಕಳಿಸಿ. ಮುಖ ನೋಡದವರು ಡೆಮೊಗೆ ಮುಂಚೆ ಕ್ಯೂಆರ್ ಕೋಡ್ ಕಳಿಸಿದರೆ ದುಡ್ಡು ಹಾಕಲೇಬೇಡಿ.

ಜಾಗದ ವಿಷಯದಲ್ಲಿ ಈ ಊರಿನ ಟ್ರಾಫಿಕ್ಕನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ. ವಾರದ ದಿನ ಸಂಜೆ ಆರಕ್ಕೆ ವೈಟ್‌ಫೀಲ್ಡ್‌ನಿಂದ ಜಯನಗರಕ್ಕೆ ಹೋಗಿ ಪಾಠ ಕೇಳಿ ಬಂದರೆ, ಮನೆಯಲ್ಲಿ ಲೆಕ್ಕ ಮಾಡಲು ಮೈಯಲ್ಲಿ ಕಸುವು ಉಳಿಯುವುದಿಲ್ಲ. ನೀವಿರುವ ಮೆಟ್ರೋ ಲೈನಿನಲ್ಲೇ ಇರುವವರನ್ನು ಮೊದಲು ನೋಡಿ. ಆಗಲಿಲ್ಲವಾ, ಆನ್‌ಲೈನ್ ಆಗಬಹುದು. ಆದರೆ ಒಂದು ಷರತ್ತು: ನಿಮ್ಮ ಕ್ಯಾಮೆರಾ ನಿಮ್ಮ ಹಾಳೆಯ ಮೇಲಿರಬೇಕು. ಫೋನನ್ನು ಪುಸ್ತಕಗಳ ಮೇಲೆ ಮಲಗಿಸಿ, ಕ್ಯಾಮೆರಾ ಅಂಚಿನಿಂದ ಆಚೆ ಬರುವಂತೆ ಇಟ್ಟರೆ ಸಾಕು. ನೀವು ಬರೆಯುವುದನ್ನು ಅವರು ನೋಡದಿದ್ದರೆ ಅದು ಯೂಟ್ಯೂಬ್ ನೋಡಿದ ಹಾಗೆ. ಹಾಗಾದರೆ ಐಐಟಿಗಳ ಎನ್‌ಪಿಟಿಇಎಲ್ ಆನ್‌ಲೈನ್ ವಿಡಿಯೋ ಪಾಠಗಳೇ ಪುಕ್ಕಟೆ ಸಿಗುತ್ತವಲ್ಲ, ಅದಕ್ಕೆ ಫೀಸು ಯಾಕೆ ಕೊಡಬೇಕು?

ಯಾರ ಮನೆಗಾದರೂ ಹೋಗಿ ಕಲಿಯುವುದಾದರೆ ಮೊದಲ ಸಲ ಅಪ್ಪನೋ ಅಮ್ಮನೋ ಗೆಳತಿಯೋ ಜೊತೆಗಿರಲಿ. ಬಾಗಿಲು ತೆರೆದಿರುವ, ಮನೆಯವರು ಓಡಾಡುವ ಕೋಣೆಯಲ್ಲಿ ಪಾಠ ನಡೆಯಲಿ. ಏನಾದರೂ ಸರಿ ಅನ್ನಿಸದಿದ್ದರೆ ಕಾರಣ ಹೇಳುವ ಹಂಗೇ ಇಲ್ಲ, ಬಿಟ್ಟು ಬನ್ನಿ.

ಹಂತ 8: ಮೊದಲ ತಿಂಗಳು

ಪ್ರತಿ ಕ್ಲಾಸಿಗೂ ಮುಂಚೆ ಕನಿಷ್ಠ ಮೂರು ಲೆಕ್ಕ ಪ್ರಯತ್ನಿಸಿ ಹೋಗಿ, ಅರ್ಧಕ್ಕೆ ನಿಂತರೂ ಸರಿ. ಖಾಲಿ ಕೈಯಲ್ಲಿ ಹೋದರೆ ಮೇಷ್ಟ್ರು ಥಿಯರಿ ಪಾಠ ಶುರು ಮಾಡುತ್ತಾರೆ, ನೀವು ಬರೆದುಕೊಳ್ಳಲು ಶುರು ಮಾಡುತ್ತೀರಿ, ಅಲ್ಲಿಗೆ ಗಂಟೆ ಮುಗಿಯುತ್ತದೆ. ತಪ್ಪು ಮಾಡಿದ ಲೆಕ್ಕಗಳಿಗೆ ಒಂದು ಬೇರೆ ನೋಟ್‌ಬುಕ್ ಇಡಿ. ಎಡ ಪುಟದಲ್ಲಿ ನಿಮ್ಮ ತಪ್ಪು, ಬಲ ಪುಟದಲ್ಲಿ ಒಂದು ವಾರದ ನಂತರ ನೋಡದೆ ಮತ್ತೆ ಮಾಡಿದ್ದು. ಪರೀಕ್ಷೆಯ ಹಿಂದಿನ ರಾತ್ರಿ ಓದಲು ಇದಕ್ಕಿಂತ ಒಳ್ಳೆಯ ಪುಸ್ತಕ ಇಲ್ಲ.

ಪ್ರಾಕ್ಟಿಕಲ್‌ಗೆ ಟ್ಯೂಟರ್‌ನಿಂದ ಹೆಚ್ಚು ಸಹಾಯ ಆಗುವುದಿಲ್ಲ. ಸ್ಪೆಕ್ಟ್ರೋಮೀಟರ್ ಹೊಂದಿಸುವುದು, ವರ್ನಿಯರ್ ಓದುವುದು ಲ್ಯಾಬಿನಲ್ಲೇ ಕೈಗೆ ಬರಬೇಕು. ವೈವಾ ಪ್ರಶ್ನೆಗಳನ್ನು ಬೇಕಾದರೆ ಅವರ ಜೊತೆ ಅಭ್ಯಾಸ ಮಾಡಿ.

ನಾಲ್ಕು ವಾರ ಆದ ಮೇಲೆ ಹಳೇ ಪ್ರಶ್ನೆ ಪತ್ರಿಕೆಯ ಒಂದು ಯೂನಿಟ್ ತೆಗೆದುಕೊಂಡು ಗಡಿಯಾರ ಇಟ್ಟು ಒಬ್ಬರೇ ಕೂತು ಬರೆಯಿರಿ. ಉತ್ತರವನ್ನು ಟ್ಯೂಟರ್‌ಗೆ ತೋರಿಸಿ, ಹಂತ 1ರಲ್ಲಿ ಮಾಡಿದ ಹಾಗೆ ಅಂಕ ಹೋದ ಜಾಗದ ಪಕ್ಕ ಕಾರಣ ಬರೆಯಿರಿ. "ಶುರು ಗೊತ್ತಾಗಲಿಲ್ಲ" ಅನ್ನುವ ಜಾಗಗಳು ಕಡಿಮೆಯಾಗಿದ್ದರೆ ಮುಂದುವರಿಸಿ, ಅಂಕ ಇನ್ನೂ ಏರದಿದ್ದರೂ ಚಿಂತೆಯಿಲ್ಲ. ಏನೂ ಬದಲಾಗಿಲ್ಲ, ನೀವೂ ಲೆಕ್ಕ ಮಾಡಿಕೊಂಡೇ ಹೋಗಿದ್ದೀರಿ ಅಂದರೆ ಟ್ಯೂಟರ್ ಬದಲಾಯಿಸುವ ಹೊತ್ತು. ಸುಮ್ನೆ ಫೋನ್ ಎತ್ತದೆ ಕೂರಬೇಡಿ. "ಸರ್, ಈ ತಿಂಗಳಿಗೆ ನಿಲ್ಲಿಸ್ತೀನಿ, ಇಷ್ಟು ದಿನ ಹೇಳಿಕೊಟ್ಟಿದ್ದಕ್ಕೆ ಧನ್ಯವಾದ" ಅಂತ ತಿಳಿಸಿ, ಬಾಕಿ ಇದ್ದರೆ ಕೊಟ್ಟುಬಿಡಿ. ಪರೀಕ್ಷೆಗೆ ಮೂರು ವಾರಕ್ಕಿಂತ ಕಡಿಮೆ ಉಳಿದಿದ್ದರೆ ಮಾತ್ರ ಬದಲಾಯಿಸಲು ಹೋಗಬೇಡಿ. ಆ ದಿನಗಳನ್ನು ಹಳೇ ಪತ್ರಿಕೆಗಳಿಗೂ ಆ ತಪ್ಪಿನ ನೋಟ್‌ಬುಕ್ಕಿಗೂ ಕೊಟ್ಟು, ಫಲಿತಾಂಶ ಬರುವ ಮುಂಚೆಯೇ, ಮುಂದಿನ ಸೆಮಿಸ್ಟರಿನ ಮೊದಲ ವಾರದಲ್ಲಿ ಹೊಸಬರನ್ನು ಹುಡುಕಲು ಶುರು ಮಾಡಿ.